ಸೀರೆಯಿಂದ ಕಣ್ಣಿಗೆ: ಬಣ್ಣದ ವಿಜ್ಞಾನ ನಡೆದು ಬಂದ ದಾರಿ

ಮ್ಯಾಚಿಂಗ್ ಸೆಂಟರಿಗೆ ರವಿಕೆ ಕಣ ಆರಿಸಲು ಹೋದ ಹೆಂಗಸರು ಅಲ್ಲಿನ ಟ್ಯೂಬ್‌ಲೈಟನ್ನು ನಂಬುವುದಿಲ್ಲ. ಸೀರೆಯ ಸೆರಗನ್ನೂ ಕಣವನ್ನೂ ಜೋಡಿಸಿ ಹಿಡಿದು ಬಾಗಿಲಿಗೆ ಬರುತ್ತಾರೆ, ಬಿಸಿಲಿಗೊಡ್ಡಿ ನೋಡುತ್ತಾರೆ, ಆಮೇಲೆ ‘ಇದಲ್ಲ, ಇನ್ನೊಂದು ಶೇಡ್ ತೆಗೀರಿ’ ಅನ್ನುತ್ತಾರೆ. ಒಳಗೆ ಒಂದೇ ಆಗಿ ಕಂಡಿದ್ದ ಎರಡು ರಾಮಾ ಗ್ರೀನ್‌ಗಳು ಹೊರಗೆ ಬಂದೊಡನೆ ಬೇರೆಬೇರೆ. ನಮ್ಮಮ್ಮನಂತೂ ಈ ಪರೀಕ್ಷೆ ಆಗದೆ ಒಂದು ಕಣವನ್ನೂ ಹರಿಸಿದವರಲ್ಲ. ಅಂಗಡಿಯವನು ಮೋಸ ಮಾಡಿಲ್ಲ, ಬಟ್ಟೆಯೂ ಬದಲಾಗಿಲ್ಲ. ಹಾಗಿದ್ದರೆ ಬಣ್ಣ ಇರುವುದು ನೂಲಿನಲ್ಲೋ, ಬೆಳಕಿನಲ್ಲೋ, ಕಣ್ಣಿನಲ್ಲೋ? ಈ ಪ್ರಶ್ನೆಗೆ ಸಿಕ್ಕ ಉತ್ತರಗಳನ್ನು ಕಾಲದ ಸಾಲಿನಲ್ಲಿಟ್ಟು ನೋಡಿದರೆ, ಬಣ್ಣ ಹೊರಗಿನಿಂದ ಒಳಗೊಳಗೆ ಸರಿಯುತ್ತಾ ಬಂದಿರುವುದು ಕಾಣುತ್ತದೆ.

ಮೊದಮೊದಲು ಕಣ್ಣೇ ದೀಪವಾಗಿತ್ತು. ಗ್ರೀಸಿನ ಯೂಕ್ಲಿಡ್ ಕಣ್ಣಿನಿಂದ ಹೊರಡುವ ಕಿರಣಗಳನ್ನು ಇಟ್ಟುಕೊಂಡೇ ನೋಟದ ರೇಖಾಗಣಿತ ಬರೆದ. ನಮ್ಮ ನ್ಯಾಯ ದರ್ಶನದವರೂ ಕಣ್ಣು ತೇಜಸ್ಸಿನಿಂದ ಆದದ್ದು, ಅದರ ರಶ್ಮಿ ಹೊರಗೆ ಹೋಗಿ ವಸ್ತುವನ್ನು ಮುಟ್ಟುತ್ತದೆ ಎಂದರು. ‘ದೃಷ್ಟಿ ತಾಗಿತು’ ಎಂದು ಮಗುವಿಗೆ ನಿವಾಳಿಸುವಾಗ ನಾವು ಇವತ್ತಿಗೂ ಆಡುವುದು ಅದೇ ಮಾತನ್ನು. ಇದನ್ನು ಗಟ್ಟಿಯಾಗಿ ಅಲ್ಲಗಳೆದವನು ಹನ್ನೊಂದನೆಯ ಶತಮಾನದ ಆರಂಭದಲ್ಲಿ ಕೈರೋದಲ್ಲಿದ್ದ ಇಬ್ನ್ ಅಲ್ ಹೈತಮ್. ಸೂರ್ಯನನ್ನು ದಿಟ್ಟಿಸಿದರೆ ಕಣ್ಣು ನೋಯುತ್ತದೆ. ಕಣ್ಣು ಮುಚ್ಚಿದ ಮೇಲೂ ಅದರ ಗುರುತು ಉಳಿಯುತ್ತದೆ. ಏನೋ ಒಳಗೆ ಬಂದದ್ದರಿಂದಲೇ ಅಲ್ಲವೇ ಹೀಗಾಗುವುದು? 1604ರಲ್ಲಿ ಕೆಪ್ಲರ್ ಆ ಬೆಳಕು ಅಕ್ಷಿಪಟಲದ ಮೇಲೆ ತಲೆಕೆಳಗಾದ ಚಿತ್ರ ಮೂಡಿಸುತ್ತದೆ ಎಂದು ತೋರಿಸಿದ.

ಇಷ್ಟಾದರೂ ಬಣ್ಣದ ಗುಟ್ಟು ಬಯಲಾಗಿರಲಿಲ್ಲ. ಬಿಳಿ ಬೆಳಕು ಶುದ್ಧ, ಅದು ಕಲುಷಿತವಾದಾಗ ಬಣ್ಣ ಹುಟ್ಟುತ್ತದೆ ಎಂಬುದೇ ಆಗಿನ ತಿಳಿವಳಿಕೆ. ನ್ಯೂಟನ್ 1660ರ ದಶಕದಲ್ಲಿ ಕೋಣೆ ಕತ್ತಲು ಮಾಡಿ, ಕಿಟಕಿಯ ಸಣ್ಣ ತೂತಿನಿಂದ ಬಿಸಿಲಕೋಲು ಬಿಟ್ಟು, ಗಾಜಿನ ಪಟ್ಟಕವನ್ನು ಅಡ್ಡ ಹಿಡಿದ. ಗೋಡೆಯ ಮೇಲೆ ಬಿದ್ದದ್ದು ಅಗಲಕ್ಕಿಂತ ಐದು ಪಟ್ಟು ಉದ್ದದ ಬಣ್ಣದ ಪಟ್ಟೆ. ಅದರಿಂದ ಒಂದೇ ಬಣ್ಣವನ್ನು ಆರಿಸಿ ಎರಡನೆಯ ಪಟ್ಟಕದಲ್ಲಿ ಹಾಯಿಸಿದರೆ ಅದು ಮತ್ತೆ ಒಡೆಯಲಿಲ್ಲ. ಅಂದರೆ ಪಟ್ಟಕ ಬಣ್ಣ ಬಳಿಯುತ್ತಿರಲಿಲ್ಲ. ಬಿಳಿಯಲ್ಲಿ ಬೆರೆತಿದ್ದುದನ್ನು ಬಿಡಿಸುತ್ತಿತ್ತು. 1672ರಲ್ಲಿ ಇದನ್ನು ಪ್ರಕಟಿಸಿದ ನ್ಯೂಟನ್, 1704ರ ‘ಆಪ್ಟಿಕ್ಸ್’ ಪುಸ್ತಕದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ: ನಿಜಕ್ಕೆ ಕಿರಣಗಳಿಗೆ ಬಣ್ಣವಿಲ್ಲ, ನಮ್ಮಲ್ಲಿ ಬಣ್ಣದ ಅನುಭವ ಎಬ್ಬಿಸುವ ಶಕ್ತಿಯಷ್ಟೇ ಇದೆ. ಶಾಲೆಯಲ್ಲಿ ನಾವು ಏಳು ಬಣ್ಣಗಳ ಹೆಸರನ್ನು ಉರುಹೊಡೆದೆವು, ಈ ಮಾತನ್ನು ಯಾರೂ ಹೇಳಿಕೊಡಲಿಲ್ಲ. ನನಗೆ ಇದು ಪಟ್ಟಕಕ್ಕಿಂತ ದೊಡ್ಡದು.

ಕಣ್ಣಿನ ಕಡೆಗೆ ತಿರುಗಿದವರಲ್ಲಿ ಮ್ಯಾಂಚೆಸ್ಟರಿನ ಜಾನ್ ಡಾಲ್ಟನ್ ಕತೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಪರಮಾಣು ಸಿದ್ಧಾಂತದ ಅದೇ ಡಾಲ್ಟನ್. ಹಗಲಿನಲ್ಲಿ ಆಕಾಶನೀಲಿಯಾಗಿ ಕಾಣುತ್ತಿದ್ದ ಜೆರೇನಿಯಂ ಹೂವು ಒಂದು ರಾತ್ರಿ ಮೇಣದಬತ್ತಿಯ ಬೆಳಕಿನಲ್ಲಿ ಅವನಿಗೆ ಕೆಂಪಾಗಿ ಕಂಡಿತು. ಬೇರೆಯವರನ್ನು ಕೇಳಿದರೆ, ಹೂವು ಎರಡು ಹೊತ್ತಿನಲ್ಲೂ ಹೆಚ್ಚುಕಡಿಮೆ ಒಂದೇ ಎಂದರು. ಅವನಿಗೆ ಕಂಡಂತೆಯೇ ಕಂಡದ್ದು ಅವನ ಒಡಹುಟ್ಟಿದವನೊಬ್ಬನಿಗೇ. 1794ರಲ್ಲಿ ಡಾಲ್ಟನ್ ಇದರ ಮೇಲೆ ಪ್ರಬಂಧ ಓದಿದ. ತನ್ನ ಕಣ್ಣಿನೊಳಗಿನ ದ್ರವ ನೀಲಿಯಾಗಿದ್ದು ಕೆಂಪನ್ನು ನುಂಗಿಬಿಡುತ್ತದೆ ಎಂಬುದು ಅವನ ಊಹೆ. ಸತ್ತ ಮೇಲೆ ತೆಗೆದು ನೋಡಿ ಎಂದೂ ಹೇಳಿಟ್ಟ. 1844ರಲ್ಲಿ ಅವನು ತೀರಿಕೊಂಡಾಗ ವೈದ್ಯರು ನೋಡಿದರು. ದ್ರವ ನೀರಿನಂತೆ ತಿಳಿಯಾಗಿತ್ತು. ಊಹೆ ತಪ್ಪಿತ್ತು, ಆದರೆ ಕಣ್ಣುಗಳನ್ನು ಅವರು ಎಸೆಯಲಿಲ್ಲ. ಉಳಿದ ಚೂರಿನಿಂದ 1995ರಲ್ಲಿ ಡಿಎನ್‌ಎ ತೆಗೆದು ಪರೀಕ್ಷಿಸಿದಾಗ, ಹಸಿರಿನ ಭಾಗಕ್ಕೆ ಸ್ಪಂದಿಸುವ ವರ್ಣದ್ರವ್ಯದ ವಂಶವಾಹಿಯೇ ಇರಲಿಲ್ಲ. ಕೇಳಿದ ಪ್ರಶ್ನೆಗೆ ಇನ್ನೂರು ವರ್ಷದ ಮೇಲೆ ಅವನ ಕಣ್ಣೇ ಉತ್ತರ ಕೊಟ್ಟಿತು.

ಈ ವರ್ಣದ್ರವ್ಯ ಒಂದಲ್ಲ, ಮೂರು ಎಂಬ ಊಹೆಯನ್ನು ಮುಂದಿಟ್ಟವನು ಥಾಮಸ್ ಯಂಗ್. ರೋಹಿತದಲ್ಲಿ ಬಣ್ಣಗಳಿಗೆ ಎಣಿಕೆಯಿಲ್ಲ, ಆದರೆ ಅಕ್ಷಿಪಟಲದ ಒಂದೊಂದು ಚುಕ್ಕೆಯಲ್ಲೂ ಅಷ್ಟು ಬಗೆಯ ಗ್ರಾಹಕಗಳಿಗೆ ಜಾಗ ಎಲ್ಲಿದೆ? ಮೂರು ಸಾಕು, ಉಳಿದದ್ದು ಅವುಗಳ ಪ್ರಮಾಣದ ಆಟ ಎಂದು 1801ರಲ್ಲಿ ಹೇಳಿದ. ಹೆಲ್ಮ್‌ಹೋಲ್ಟ್ಸ್ ಅದನ್ನು ಬೆಳೆಸಿದ. ಮ್ಯಾಕ್ಸ್‌ವೆಲ್ ಬಣ್ಣದ ಕಾಗದ ಅಂಟಿಸಿದ ಬುಗುರಿ ತಿರುಗಿಸಿ, ಮೂರು ಬಣ್ಣಗಳನ್ನು ಎಷ್ಟೆಷ್ಟು ಬೆರೆಸಿದರೆ ಯಾವುದು ಬರುತ್ತದೆಂದು ಅಳೆದ. 1861ರಲ್ಲಿ ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ತೆಗೆದ ಮೂರು ಚಿತ್ರಗಳನ್ನು ಒಂದರ ಮೇಲೊಂದು ಬೀಳಿಸಿ ಬಣ್ಣದ ಫೋಟೋ ತೋರಿಸಿದವನೂ ಅವನೇ. ನಿಮ್ಮ ಮೊಬೈಲಿನಲ್ಲಿ ಹಳದಿ ಚಿತ್ರವೊಂದನ್ನು ತೆರೆದು ಪರದೆಯ ಮೇಲೆ ಒಂದು ಸಣ್ಣ ಹನಿ ನೀರು ಬಿಡಿ. ಹನಿ ಭೂತಗನ್ನಡಿಯಾಗುತ್ತದೆ. ಅದರಡಿಯಲ್ಲಿ ಹಳದಿ ಇಲ್ಲ. ಕೆಂಪು ಮತ್ತು ಹಸಿರು ಚುಕ್ಕೆಗಳಿವೆ. ಸುಮಾರು 580 ನ್ಯಾನೋಮೀಟರಿನ ಅಪ್ಪಟ ಹಳದಿ ಬೆಳಕಿಗೂ ಈ ಬೆರಕೆಗೂ ಕಣ್ಣು ವ್ಯತ್ಯಾಸ ಹೇಳಲಾರದು.

ಅಂಗಡಿಯ ಬಾಗಿಲಿನ ಒಗಟು ಬಿಡಿಸಿಕೊಳ್ಳುವುದು ಇಲ್ಲೇ. ಸೀರೆಗೆ ಹಾಕಿದ ಬಣ್ಣ ಒಂದು, ಕಣಕ್ಕೆ ಹಾಕಿದ್ದು ಇನ್ನೊಂದು. ಟ್ಯೂಬ್‌ಲೈಟಿನಡಿ ಎರಡೂ ಕಣ್ಣಿಗೆ ಕಳಿಸುವ ಬೆಳಕು ಮೂರು ಗ್ರಾಹಕಗಳಲ್ಲಿ ಒಂದೇ ಮೊತ್ತಕ್ಕೆ ಬರುತ್ತದೆ. ಬಿಸಿಲಿನಲ್ಲಿ ಬೆಳಕಿನ ಪಾಕವೇ ಬೇರೆ, ಮೊತ್ತವೂ ಬೇರೆಯಾಗುತ್ತದೆ. ಬಣ್ಣದ ಈ ಲೆಕ್ಕಾಚಾರಕ್ಕೆ ಅಂತರರಾಷ್ಟ್ರೀಯ ಅಳತೆಗೋಲು ಸಿಕ್ಕಿದ್ದು 1931ರಲ್ಲಿ. ಇಂಗ್ಲೆಂಡಿನಲ್ಲಿ ರೈಟ್ ಮತ್ತು ಗಿಲ್ಡ್ ಎಂಬಿಬ್ಬರು ಬೇರೆಬೇರೆಯಾಗಿ ಪರೀಕ್ಷಿಸಿದ್ದ ಕೇವಲ 17 ಜನರ ಕಣ್ಣಿನ ಮೇಲೆ ಅದು ನಿಂತಿದೆ.

ಆದರೆ ಮೂರೇ ಸಾಲದು ಎಂದು ಜರ್ಮನಿಯ ಎವಾಲ್ಡ್ ಹೆರಿಂಗ್ 1870ರ ದಶಕದಲ್ಲೇ ತಕರಾರು ಎತ್ತಿದ್ದ. ಹಳದಿ ಬೆರೆತ ಹಸಿರಿಗೆ ನಾವು ಗಿಣಿಹಸಿರು ಎನ್ನುತ್ತೇವೆ. ಕೆಂಪು ಬೆರೆತ ಹಸಿರನ್ನು ಕಂಡವರಿಲ್ಲ. ಬಿಳಿ ಹಾಳೆಯ ಮೇಲೆ ಕುಂಕುಮದ ಬೊಟ್ಟಿಟ್ಟು ಅರ್ಧ ನಿಮಿಷ ದಿಟ್ಟಿಸಿ ಬಿಳಿ ಗೋಡೆ ನೋಡಿದರೆ ಹಸಿರುನೀಲಿ ಬೊಟ್ಟು ತೇಲುತ್ತದೆ. ಕೆಂಪು ಹಸಿರಿಗೆ ಎದುರು, ನೀಲಿ ಹಳದಿಗೆ ಎದುರು ಎಂದ ಹೆರಿಂಗ್. ಎರಡು ಪಕ್ಷದವರೂ ಬಹುಕಾಲ ಜಗಳಾಡಿದರು. 1950ರ ದಶಕದಲ್ಲಿ ಮೀನಿನ ಅಕ್ಷಿಪಟಲದಲ್ಲಿ, ಬಳಿಕ ಕೋತಿಯ ಮಿದುಳಿನಲ್ಲಿ, ಒಂದು ಬಣ್ಣಕ್ಕೆ ಕೆರಳಿ ಅದರ ಎದುರಾಳಿಗೆ ತಣಿಯುವ ಕೋಶಗಳು ಸಿಕ್ಕಾಗ ಇಬ್ಬರದೂ ಸರಿ ಎಂದಾಯಿತು. ಮೊದಲ ಮೆಟ್ಟಿಲಲ್ಲಿ ಮೂರು ಗ್ರಾಹಕ. ಮುಂದಿನ ಮೆಟ್ಟಿಲಲ್ಲಿ ಅವುಗಳ ಕೂಡು-ಕಳೆ.

ಇದೇ ಹೊತ್ತಿಗೆ ಬೆಂಗಳೂರಿನಲ್ಲೂ ಒಂದು ದೊಡ್ಡ ಮನಸ್ಸು ಬಣ್ಣದ ಹಿಂದೆ ಬಿದ್ದಿತ್ತು. 1921ರ ಹಡಗು ಪ್ರಯಾಣದಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿಗೆ ಮರುಳಾಗಿ, ಅದು ಆಕಾಶದ ಪ್ರತಿಬಿಂಬವಲ್ಲ, ನೀರೇ ಬೆಳಕನ್ನು ಚದುರಿಸಿದ್ದರ ಫಲ ಎಂದು ಸಾಧಿಸಿದ ಸಿ.ವಿ. ರಾಮನ್, ಇಳಿವಯಸ್ಸಿನಲ್ಲಿ 1948ರಲ್ಲಿ ಕಟ್ಟಿದ ತಮ್ಮ ಸಂಸ್ಥೆಯಲ್ಲಿ ಹೂಗಳ ಬಣ್ಣವನ್ನೂ ಕಣ್ಣಿನ ನೋಟವನ್ನೂ ಅಧ್ಯಯನ ಮಾಡಿದರು. 1968ರಲ್ಲಿ ದೃಷ್ಟಿಯ ಶರೀರಕ್ರಿಯೆ ಕುರಿತ ಪುಸ್ತಕವನ್ನೂ ತಂದರು. ಯಂಗ್‌ನ ತ್ರಿವರ್ಣ ಸಿದ್ಧಾಂತವನ್ನು ಅವರು ಒಪ್ಪಲಿಲ್ಲ. ಆ ವಾದ ನಿಲ್ಲಲಿಲ್ಲ ಎನ್ನುವುದನ್ನು ಮುಚ್ಚಿಡಬೇಕಾಗಿಲ್ಲ: 1964ರಲ್ಲೇ ಅಮೆರಿಕದ ಎರಡು ತಂಡಗಳು ಅಕ್ಷಿಪಟಲದಲ್ಲಿ ಬಣ್ಣದ ಗ್ರಾಹಕಗಳಾಗಿರುವ ಶಂಕುಕೋಶಗಳಲ್ಲಿ ಒಂದೊಂದರೊಳಗೂ ಬೆಳಕು ಹಾಯಿಸಿ ಮೂರು ಬಗೆಗಳನ್ನು ನೇರವಾಗಿ ಅಳೆದಿದ್ದವು. ಆದರೂ ನೊಬೆಲ್ ಪಡೆದು ದಶಕಗಳಾದ ಮೇಲೆ ಹೂವೊಂದನ್ನು ಮುಂದಿಟ್ಟುಕೊಂಡು ‘ಇದು ಹೀಗೆ ಏಕೆ ಕಾಣುತ್ತದೆ’ ಎಂದು ಮೊದಲಿನಿಂದ ಕೇಳಿದ ಆ ಹಿರಿಯರ ಹಸಿವು ನನಗೆ ಪೂಜ್ಯ.

ನಮ್ಮ ಒಂದು ಕಣ್ಣಿನಲ್ಲಿ ಸುಮಾರು 60 ಲಕ್ಷ ಶಂಕುಕೋಶಗಳಿವೆ. ಮೂರು ಬಗೆಯವು ಹೆಚ್ಚು ಸ್ಪಂದಿಸುವುದು ಸರಿಸುಮಾರು 420, 530, 560 ನ್ಯಾನೋಮೀಟರುಗಳಿಗೆ. ಕೊನೆಯ ಎರಡು ಎಷ್ಟು ಹತ್ತಿರ ನೋಡಿ. ಕಾರಣ 1986ರಲ್ಲಿ ಜೆರೆಮಿ ನೇಥನ್ಸ್ ವಂಶವಾಹಿಗಳನ್ನು ಬೇರ್ಪಡಿಸಿದಾಗ ತಿಳಿಯಿತು: ಅವು ಎಕ್ಸ್ ಕ್ರೋಮೋಸೋಮಿನ ಮೇಲೆ ಅಕ್ಕಪಕ್ಕ ಕೂತಿರುವ, ಒಂದರಿಂದಲೇ ಒಡೆದ ಜೋಡಿ. ಗಂಡಿಗೆ ಎಕ್ಸ್ ಒಂದೇ; ಅದರಲ್ಲಿ ಎಡವಟ್ಟಾದರೆ ಸರಿದೂಗಿಸಲು ಇನ್ನೊಂದಿಲ್ಲ. ವರ್ಣಾಂಧತೆ ಗಂಡಸರಲ್ಲೇ ಹೆಚ್ಚಿರುವುದು ಅದಕ್ಕೆ.

2009ರಲ್ಲಿ ಅಮೆರಿಕದ ವಿಜ್ಞಾನಿಗಳು ಹುಟ್ಟಿನಿಂದ ಕೆಂಪು-ಹಸಿರು ಬೇರ್ಪಡಿಸಲಾಗದ ಎರಡು ಅಳಿಲುಕೋತಿಗಳ ಕಣ್ಣಿಗೆ ಇಲ್ಲದಿದ್ದ ವಂಶವಾಹಿಯನ್ನು ಸೇರಿಸಿದರು. ಒಂದರ ಹೆಸರು ಡಾಲ್ಟನ್. ಪರದೆಯಲ್ಲಿ ಬಣ್ಣದ ಮಚ್ಚೆಯನ್ನು ಸರಿಯಾಗಿ ಮುಟ್ಟಿದರೆ ದ್ರಾಕ್ಷಿರಸ. ಸುಮಾರು ಐದು ತಿಂಗಳಲ್ಲಿ ಅವು ಮೊದಲು ಕಾಣದಿದ್ದ ಮಚ್ಚೆಗಳನ್ನು ಮುಟ್ಟತೊಡಗಿದವು. ಬೆಳೆದ ಮಿದುಳು ಹೊಸ ಸುದ್ದಿಯನ್ನು ಓದಲು ಕಲಿತಿತ್ತು.

2025ರಲ್ಲಿ ಬರ್ಕ್ಲಿಯ ಪ್ರಯೋಗಾಲಯದಲ್ಲಿ ಐದು ಜನ ನೋಡಿದ್ದು ಇನ್ನೂ ಬೆರಗಿನದು. ಲೋಕದ ಯಾವ ಬೆಳಕೂ ನಡುವಿನ ಶಂಕುಕೋಶವೊಂದನ್ನೇ ಎಬ್ಬಿಸಲಾರದು, ಪಕ್ಕದವೂ ಜೊತೆಗೆ ಏಳುತ್ತವೆ. ಅಲ್ಲಿನ ವಿಜ್ಞಾನಿಗಳು ಅಕ್ಷಿಪಟಲದ ಸಾವಿರಾರು ಕೋಶಗಳ ನಕ್ಷೆ ಮಾಡಿ, ನಡುವಿನವನ್ನಷ್ಟೇ ಲೇಸರಿನಿಂದ ಮುಟ್ಟಿದರು. ಕಂಡ ಬಣ್ಣಕ್ಕೆ ‘ಓಲೋ’ ಎಂದು ಹೆಸರಿಟ್ಟರು. ನಮ್ಮ ರಾಮಾ ಗ್ರೀನ್ ಕಡೆಯ ನೀಲಿಹಸಿರು, ಆದರೆ ಅದರ ಗಾಢತೆಗೆ ಸಾಟಿಯಿಲ್ಲ: ಅಪ್ಪಟ ಲೇಸರ್ ಬೆಳಕಿನ ಜೊತೆ ಹೊಂದಿಸಲೂ ಓಲೋಗೆ ಬಿಳಿ ಬೆರೆಸಿ ತಿಳಿ ಮಾಡಬೇಕಾಯಿತು. ಲೇಸರಿನ ಗುರಿಯನ್ನು ಕೂದಲೆಳೆಯಷ್ಟು ಕದಲಿಸಿದರೆ ಸಾಕು, ಓಲೋ ಮಾಯವಾಗಿ ಲೇಸರಿನ ಎಂದಿನ ಹಸಿರೇ ಉಳಿಯುತ್ತಿತ್ತು.