ಕಾಣದ ಗಡ್ಡೆ, ಇಲ್ಲದ ಗಡ್ಡೆ: ಕಾಂಡಕೋಶ ಚುಚ್ಚುಮದ್ದಿನ ಸುರಕ್ಷತೆ ಮತ್ತು ಪ್ರಾಣಿ ಪರೀಕ್ಷೆ

ಕಾಂಡಕೋಶದ ಚುಚ್ಚುಮದ್ದು ಮಾತ್ರೆಯಂತೆ ಕರಗಿ ಹೊರಹೋಗುವ ವಸ್ತುವಲ್ಲ. ಅದರಲ್ಲಿರುವುದು ಜೀವಂತ ಕೋಶ. ಒಳಹೊಕ್ಕ ಮೇಲೆ ಅದು ಸಾಯಬಹುದು, ಬೇರೆಡೆಗೆ ಸರಿಯಬಹುದು, ಸಂಖ್ಯೆಯಲ್ಲಿ ಹೆಚ್ಚಬಹುದು, ಬಯಸದ ಅಂಗಾಂಶವಾಗಿ ಮಾರ್ಪಡಲೂಬಹುದು. ಪ್ರಮಾಣವನ್ನು ಏರಿಸುತ್ತ ಹೋಗಿ ಎಲ್ಲಿ ಹಾನಿ ಕಾಣುತ್ತದೆಂದು ನೋಡುವ ಔಷಧಶಾಸ್ತ್ರದ ರೂಢಿಯ ವಿಷಪರೀಕ್ಷೆ ಇಲ್ಲಿ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಹಾನಿ ಇದ್ದರೆ ಅದನ್ನು ತೋರಿಸಿಕೊಡುವ ಶಕ್ತಿ ಆಯ್ದ ಪ್ರಾಣಿಗೆ ಇದೆಯೇ ಎಂಬುದು ಉಳಿದರ್ಧ. ತೊಡಕೆಲ್ಲ ಇರುವುದು ಅಲ್ಲಿಯೇ.

ಎಲ್ಲಕ್ಕಿಂತ ದೊಡ್ಡ ಭಯ ಗಡ್ಡೆಯದು. ಭ್ರೂಣದಿಂದ ಪಡೆದ ಕಾಂಡಕೋಶಗಳಿಗೂ, 2006ರಲ್ಲಿ ಶಿನ್ಯಾ ಯಮನಾಕಾ ಇಲಿಯ ಪ್ರೌಢ ಕೋಶಗಳಿಂದ ಮೊದಲು ರೂಪಿಸಿದ ಐಪಿಎಸ್ ಕೋಶಗಳಿಗೂ ದೇಹದ ಯಾವ ಅಂಗಾಂಶವಾದರೂ ಆಗುವ ಸಾಮರ್ಥ್ಯವಿದೆ. ಇವನ್ನು ಹಾಗೆಯೇ ಇಲಿಗೆ ಚುಚ್ಚಿದರೆ ಮೃದ್ವಸ್ಥಿ, ಸ್ನಾಯು, ನರ, ಕರುಳಿನ ಒಳಪದರ ಎಲ್ಲವೂ ಕಲಸಿಕೊಂಡ ಟೆರಟೋಮ ಎಂಬ ಗಡ್ಡೆ ಬೆಳೆಯುತ್ತದೆ. ಪ್ರಯೋಗಾಲಯದಲ್ಲಿ ಕೋಶದ ಸಾಮರ್ಥ್ಯಕ್ಕೆ ಸಾಕ್ಷಿಯೆನಿಸುವ ಗಡ್ಡೆಯೇ ಚಿಕಿತ್ಸೆಯಲ್ಲಿ ಅಪಾಯ. ಆದ್ದರಿಂದ ಕೋಶಗಳನ್ನು ಮೊದಲೇ ನರಕೋಶವಾಗಿಯೋ ಹೃದಯಸ್ನಾಯುವಾಗಿಯೋ ಬೆಳೆಸಿ ಆಮೇಲೆ ಚುಚ್ಚುತ್ತಾರೆ. ಹಾಗೆ ಬೆಳೆಸುವಾಗ ಮಾರ್ಪಡದೆ ಉಳಿದುಬಿಟ್ಟ ಬೆರಳೆಣಿಕೆಯ ಕೋಶಗಳನ್ನು ಹುಡುಕುವುದೇ ಪರೀಕ್ಷೆಯ ಗುರಿ.

ಸಾಮಾನ್ಯ ಇಲಿ ಮನುಷ್ಯನ ಕೋಶವನ್ನು ಪರಕೀಯವೆಂದು ಗುರುತಿಸಿ ನಾಶಮಾಡುತ್ತದೆ. ಅಂಥ ಇಲಿಯಲ್ಲಿ ಗಡ್ಡೆ ಬರಲಿಲ್ಲವೆಂದರೆ ಇಲಿಯ ರೋಗನಿರೋಧಕ ಶಕ್ತಿ ಚೆನ್ನಾಗಿದೆ ಎಂದಷ್ಟೇ ಅರ್ಥ. ಹಾಗಾಗಿ ಆ ಶಕ್ತಿ ಕುಂದಿದ ತಳಿಗಳೇ ಬೇಕು. ಥೈಮಸ್ ಗ್ರಂಥಿಯಿಲ್ಲದ ನ್ಯೂಡ್ ಇಲಿಯಲ್ಲಿ ಟಿ ಎಂಬ ರೋಗನಿರೋಧಕ ಕೋಶಗಳಿಲ್ಲ, ಆದರೆ ಬಿ ಕೋಶ ಮತ್ತು ಎನ್‌ಕೆ ಕೋಶಗಳು ಕಾವಲಿಗಿವೆ. ಸ್ಕಿಡ್ ಇಲಿಯಲ್ಲಿ ಟಿ, ಬಿ ಎರಡೂ ಇಲ್ಲ. ಎನ್‌ಎಸ್‌ಜಿ ತಳಿಯಲ್ಲಿ ಎನ್‌ಕೆ ಕೋಶಗಳೂ ಇಲ್ಲ. ಲಸಿಕೆ ತಯಾರಿಕೆಗೆ ಬಳಸುವ ಕೋಶಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಕ್ರಮದಲ್ಲಿ 10 ನ್ಯೂಡ್ ಇಲಿಗಳಿಗೆ ತಲಾ ಒಂದು ಕೋಟಿ ಕೋಶ ಚುಚ್ಚಿ ಕನಿಷ್ಠ 16 ವಾರ ಕಾಯಬೇಕು. ಗಡ್ಡೆ ಖಚಿತವಾಗಿ ಬೆಳೆಸುವ ಹೀಲಾ ಕೋಶಗಳನ್ನು ಬೇರೊಂದು ಗುಂಪಿಗೆ ಚುಚ್ಚಿ ಹೋಲಿಸಬೇಕು. ಕೋಟಿ ಕೋಶಗಳ ನಡುವೆ ಅಡಗಿದ ಕೆಲವನ್ನು ಹಿಡಿಯಲು ಈ ಕ್ರಮ ಒರಟಾದುದು. ಮಾರ್ಪಟ್ಟ ಕೋಶಗಳಿಗೆ ನಿಗದಿತ ಸಂಖ್ಯೆಯ ಭ್ರೂಣ ಕಾಂಡಕೋಶಗಳನ್ನು ಬೇಕೆಂದೇ ಬೆರೆಸಿ, ಎಷ್ಟು ಕಡಿಮೆ ಬೆರಕೆಯಲ್ಲಿ ಗಡ್ಡೆ ಬರುತ್ತದೆಂದು ಮೊದಲು ಅಳೆದುಕೊಳ್ಳುವ ವಿಧಾನವೇ ಹೆಚ್ಚು ನಂಬಲರ್ಹ.

ಲೆಕ್ಕಾಚಾರವೂ ಇಲ್ಲಿ ನಿರ್ದಾಕ್ಷಿಣ್ಯ. 10 ಇಲಿಗಳಲ್ಲಿ ಒಂದರಲ್ಲೂ ಗಡ್ಡೆ ಕಾಣದಿದ್ದರೂ, ಶೇ. 95ರ ವಿಶ್ವಾಸಮಟ್ಟದಲ್ಲಿ ಹೇಳಬಹುದಾದದ್ದು ಗಡ್ಡೆ ಬರುವ ಸಾಧ್ಯತೆ ಶೇ. 26ಕ್ಕಿಂತ ಕಡಿಮೆ ಎಂದಷ್ಟೇ. 30 ಇಲಿಗಳಾದರೂ ಮಿತಿ ಶೇ. 10ರ ಆಸುಪಾಸಿಗೆ ಇಳಿಯುತ್ತದೆ, ಅಷ್ಟೇ. ದೇಹತೂಕಕ್ಕೆ ತಕ್ಕಂತೆ ಪ್ರಮಾಣ ಇಳಿಸುವ ಪದ್ಧತಿ ಇದನ್ನು ಇನ್ನಷ್ಟು ಕೆಡಿಸುತ್ತದೆ. ಕಿಲೋಗೆ 10 ಲಕ್ಷ ಕೋಶವೆಂದರೆ 60 ಕಿಲೋ ತೂಕದ ರೋಗಿಗೆ 6 ಕೋಟಿ, 25 ಗ್ರಾಂ ತೂಕದ ಇಲಿಗೆ 25 ಸಾವಿರ. ಹತ್ತು ಲಕ್ಷಕ್ಕೊಂದು ಅಪಾಯಕಾರಿ ಕೋಶವಿದ್ದರೆ ರೋಗಿಯ ದೇಹಕ್ಕೆ ಅಂಥವು 60 ಸೇರುತ್ತವೆ. ಇಲಿಗಳಲ್ಲಾದರೆ 40ರಲ್ಲಿ ಒಂದಕ್ಕೆ ಒಂದು ಸಿಕ್ಕೀತು. ಗಡ್ಡೆಯ ಪರೀಕ್ಷೆಯಲ್ಲಿ ಇಲಿ ತಾಳುವಷ್ಟು ಗರಿಷ್ಠ ಪ್ರಮಾಣವನ್ನೇ ಕೊಡುವುದು ಇದಕ್ಕೆ.

ತಾಳಿಕೆ ಚುಚ್ಚುವ ಜಾಗವನ್ನು ಅವಲಂಬಿಸಿದೆ. ಅಸ್ಥಿಮಜ್ಜೆಯಿಂದ ಬೆಳೆಸಿದ ಮೀಸೆಂಕೈಮಲ್ ಕಾಂಡಕೋಶಗಳು ಶ್ವಾಸಕೋಶದ ಲೋಮನಾಳಗಳಿಗಿಂತ ದಪ್ಪ. ಬಾಲದ ರಕ್ತನಾಳಕ್ಕೆ ಚುಚ್ಚಿದರೆ ಬಹುಪಾಲು ಶ್ವಾಸಕೋಶದಲ್ಲೇ ಸಿಕ್ಕಿಬೀಳುತ್ತವೆ. ಪ್ರಮಾಣ ಹೆಚ್ಚಾದರೆ ಅಥವಾ ಕೋಶಗಳು ಗಂಟುಕಟ್ಟಿದರೆ ಇಲಿ ಉಸಿರುಕಟ್ಟಿ ಸಾಯುತ್ತದೆ. ಚುಚ್ಚಿದ ಕೋಶಗಳು ಎಲ್ಲಿಗೆ ಹೋದವೆಂದು ತಿಳಿಯಲು ವಾನರವರ್ಗಕ್ಕೆ ಮಾತ್ರ ಸೇರಿದ ಆಲು ಎಂಬ ಡಿಎನ್‌ಎ ಸರಣಿಯನ್ನು ಇಲಿಯ ಅಂಗಗಳಲ್ಲಿ ಪಿಸಿಆರ್‌ನಿಂದ ಹುಡುಕುತ್ತಾರೆ. ಒಂದು ದಾರಿಯಲ್ಲಿ ಪಡೆದ ಫಲಿತಾಂಶ ಇನ್ನೊಂದಕ್ಕೆ ಹೊಂದುವುದಿಲ್ಲ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಕಾಂಡಕೋಶ ಚುಚ್ಚುಮದ್ದಾದ ಸ್ಟೆಂಪ್ಯೂಸೆಲ್‌ಗೆ ಬರ್ಜರ್ ರೋಗದಿಂದ ಕಾಲಿನ ರಕ್ತಸಂಚಾರ ಕುಂದಿದವರ ಚಿಕಿತ್ಸೆಗೆ 2016ರಲ್ಲಿ ಸೀಮಿತ ಅನುಮತಿ ದೊರೆಯಿತು. ಅದನ್ನು ಮೀನಖಂಡದ ಸ್ನಾಯುವಿಗೆ ಚುಚ್ಚುವುದರಿಂದ ರಕ್ತನಾಳದ ಅಧ್ಯಯನವೊಂದೇ ಅದಕ್ಕೆ ಸಾಲದು.

ಪ್ರಾಣಿಯ ಆಯ್ಕೆ ಎಷ್ಟು ನಿರ್ಣಾಯಕ ಎಂಬುದನ್ನು ಹೃದಯದ ಪ್ರಯೋಗಗಳು ತೋರಿಸಿವೆ. ಇಲಿಯ ಹೃದಯ ನಿಮಿಷಕ್ಕೆ 500ಕ್ಕೂ ಹೆಚ್ಚು ಬಾರಿ ಬಡಿಯುತ್ತದೆ. ಕಾಂಡಕೋಶದಿಂದ ಬೆಳೆಸಿದ ಮನುಷ್ಯನ ಹೃದಯಕೋಶಗಳು ಅಲ್ಲಿ ತಮ್ಮದೇ ನಿಧಾನದ ಲಯ ಹಿಡಿದರೂ ಅದು ಆ ವೇಗದಲ್ಲಿ ಮುಚ್ಚಿಹೋಗುತ್ತದೆ. 2012ರಲ್ಲಿ ಗಿನಿಪಿಗ್‌ಗಳ ಗಾಯಗೊಂಡ ಹೃದಯಕ್ಕೆ ಇಂಥ ಕೋಶ ಸೇರಿಸಿದಾಗ ಲಯದ ಏರುಪೇರು ತಗ್ಗಿತ್ತು. ಆದರೆ 2014ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಚಾರ್ಲ್ಸ್ ಮರಿ ಅವರ ತಂಡ ಮಕಾಕ್ ಕೋತಿಗಳ ಹೃದಯಕ್ಕೆ 100 ಕೋಟಿ ಕೋಶ ಚುಚ್ಚಿದಾಗ ಲಯ ತಪ್ಪಿತು. ಬಡಿತದ ವೇಗ ಮನುಷ್ಯನದಕ್ಕೆ ಹತ್ತಿರವಾದಾಗ ಅಪಾಯವೂ ಕಣ್ಣಿಗೆ ಬಿತ್ತು.

ಅಪಾಯವಿಲ್ಲದಿದ್ದರೂ ಇದೆಯೆಂದು ತೋರುವ ತಪ್ಪೂ ಉಂಟು. ಕೊಬ್ಬಿನಿಂದ ಪಡೆದ ಮಾನವ ಮೀಸೆಂಕೈಮಲ್ ಕೋಶಗಳು ಪ್ರಯೋಗಾಲಯದಲ್ಲಿ ಬೆಳೆಸುವಾಗ ತಾವಾಗಿಯೇ ಕ್ಯಾನ್ಸರ್ ಕೋಶಗಳಾದವೆಂದು 2005ರಲ್ಲಿ ಪ್ರಕಟವಾದ ಪ್ರಬಂಧವನ್ನು 2010ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಬೇರೆ ಗಡ್ಡೆಯ ಕೋಶಗಳು ಅಲ್ಲಿ ಬೆರೆತಿದ್ದವೆಂಬುದು ಕಾರಣ.

ಇಂಥ ಹಲವು ತೊಡಕುಗಳು ಒಟ್ಟಿಗೆ ಎದುರಾದದ್ದು ಅಮೆರಿಕದ ಜೆರಾನ್ ಕಂಪನಿಯ ಪ್ರಕರಣದಲ್ಲಿ. ಬೆನ್ನುಹುರಿಯ ಗಾಯಕ್ಕೆ ಭ್ರೂಣ ಕಾಂಡಕೋಶದಿಂದ ಬೆಳೆಸಿದ ನರಪೋಷಕ ಕೋಶಗಳನ್ನು ಚುಚ್ಚಲು, ಸುಮಾರು 2,000 ಇಲಿಗಳ ಮೇಲಿನ ಅಧ್ಯಯನಗಳ ಬಳಿಕ, 2009ರ ಜನವರಿಯಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ನೀಡಿತು. ಅದೇ ವರ್ಷ ಮತ್ತೊಂದು ಪ್ರಾಣಿ ಅಧ್ಯಯನದಲ್ಲಿ ಗಾಯದ ಜಾಗದಲ್ಲಿ ಸೂಕ್ಷ್ಮ ನೀರುಗುಳ್ಳೆಗಳು ಹಿಂದಿಗಿಂತ ಹೆಚ್ಚಾಗಿ ಕಂಡವು. ಅವು ಟೆರಟೋಮವಲ್ಲ, ಬೆಳೆಯುತ್ತಲೂ ಇರಲಿಲ್ಲ. ಆದರೂ ಪ್ರಯೋಗಕ್ಕೆ ತಡೆ ಬಿತ್ತು. ಕೋಶಗಳ ಶುದ್ಧತೆ ಅಳೆಯುವ ಹೊಸ ಸೂಚಕಗಳನ್ನು ರೂಪಿಸಿ, ಮತ್ತೆ ಪ್ರಾಣಿಗಳಲ್ಲಿ ಪರೀಕ್ಷಿಸಿದ ಮೇಲೆ 2010ರ ಜುಲೈನಲ್ಲಿ ತಡೆ ತೆರವಾಯಿತು. ಅಕ್ಟೋಬರಿನಲ್ಲಿ ಮೊದಲ ರೋಗಿಗೆ 20 ಲಕ್ಷ ಕೋಶ ಚುಚ್ಚಲಾಯಿತು. 2011ರಲ್ಲಿ ಹಣಕಾಸಿನ ಕಾರಣದಿಂದ ಕಂಪನಿ ಹಿಂದೆ ಸರಿದರೂ ಕೋಶ ಪಡೆದ ಐವರ ಮೇಲೆ ನಿಗಾ ಮುಂದುವರಿಯಿತು. ಇಲಿಯ ಆಯುಸ್ಸು ಎರಡು ಮೂರು ವರ್ಷ. ತಡವಾಗಿ ಮೊಳೆಯುವ ಗಡ್ಡೆಯನ್ನು ಅದರಲ್ಲಿ ಕಾಯಲು ಬರುವುದಿಲ್ಲ. 10 ವರ್ಷಗಳ ನಿಗಾದಲ್ಲಿ ಐವರಲ್ಲಿ ಯಾರಿಗೂ ಗಡ್ಡೆ ಕಾಣಿಸಲಿಲ್ಲ. ಇಲಿಗಳಿಗೆ ಹಾಕಿದ ಲೆಕ್ಕವನ್ನೇ ಇಲ್ಲಿಗೂ ಹಾಕಿದರೆ, ಐವರ ಈ ಫಲಿತಾಂಶ ತಳ್ಳಿಹಾಕಬಲ್ಲದ್ದು ಶೇ. 45ಕ್ಕಿಂತ ಹೆಚ್ಚಿನ ಅಪಾಯವನ್ನು ಮಾತ್ರ.