ಗಣತಿದಾರನ ಕಣ್ಣಿಗೆ ಕಂಡದ್ದು

ನನ್ನ ಗೆಳೆಯರೊಬ್ಬರ ಮಗಳು ಅಮೆರಿಕದವನೊಬ್ಬನನ್ನು ಮದುವೆಯಾಗಿ ಅಲ್ಲಿಯೇ ನೆಲೆಸಿದ್ದಾಳೆ. ಮಕ್ಕಳಿಗಾಗಿ ಗಂಡನ ಕಡೆಯ ವಂಶಾವಳಿಯನ್ನು ಬರೆಯಲು ಕುಳಿತವಳು ನನಗೊಂದು ಕಾಗದ ಬರೆದಳು. ಗಂಡನ ಮುತ್ತಜ್ಜನನ್ನು 1920ರ ಜನಗಣತಿಯಲ್ಲಿ ‘ಮುಲಾಟೊ’, ಎಂದರೆ ಮಿಶ್ರರಕ್ತದವನು, ಎಂದು ಬರೆದಿದ್ದಾರೆ. 1930ರಲ್ಲಿ ‘ನೀಗ್ರೊ’ ಎಂದಿದ್ದಾರೆ. “ಜನಾಂಗ ಎಂಬಲ್ಲಿ ಏನೆಂದು ಬರೆಯಲಿ ಮಾಮ?” ಎಂಬುದು ಅವಳ ಪ್ರಶ್ನೆ.

ಹತ್ತು ವರ್ಷಗಳಲ್ಲಿ ಬದಲಾದದ್ದು ಆ ಮುತ್ತಜ್ಜನಲ್ಲ, ಸರ್ಕಾರದ ನಿಯಮ. 1930ರಲ್ಲಿ ‘ಮುಲಾಟೊ’ ಎಂಬ ವರ್ಗವನ್ನೇ ತೆಗೆದುಹಾಕಿ, ಕರಿಯರ ರಕ್ತ ಎಷ್ಟೇ ಅಲ್ಪವಾಗಿದ್ದರೂ ನೀಗ್ರೊ ಎಂದೇ ಬರೆಯತಕ್ಕದ್ದೆಂದು ಗಣತಿದಾರರಿಗೆ ಅಪ್ಪಣೆಯಾಯಿತು. ಜನರು ತಮ್ಮ ಜನಾಂಗವನ್ನು ತಾವೇ ಬರೆದುಕೊಳ್ಳುವ ಪದ್ಧತಿ ಬಂದದ್ದು 1960ರಿಂದೀಚೆಗೆ. ಅದಕ್ಕೆ ಮುಂಚೆ ಬಾಗಿಲಿಗೆ ಬಂದವನ ಕಣ್ಣಿಗೆ ಕಂಡದ್ದೇ ಜನಾಂಗ. ನಮ್ಮವರೂ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಪಂಜಾಬಿನಿಂದ ಹೋಗಿ ಕ್ಯಾಲಿಫೋರ್ನಿಯದಲ್ಲಿ ಬೇಸಾಯಕ್ಕೆ ನಿಂತ ಸಿಖ್ಖರನ್ನೂ 1920, 1930, 1940ರ ಗಣತಿಗಳು ‘ಹಿಂದೂ’ ಎಂಬ ಜನಾಂಗಕ್ಕೆ ಸೇರಿಸಿದುವು!

ಇಂಥ ಒಂದು ಪದ ಒಂದು ಮನೆತನವನ್ನು ಹೇಗೆ ಸೀಳಬಲ್ಲದೆಂಬುದಕ್ಕೆ ಹೆಮಿಂಗ್ಸ್ ಕುಟುಂಬವೇ ಸಾಕ್ಷಿ. ಸ್ಯಾಲಿ ಹೆಮಿಂಗ್ಸ್ ಅಧ್ಯಕ್ಷ ಥಾಮಸ್ ಜೆಫರ್ಸನ್ನನ ಗುಲಾಮಳು. ಅವಳ ಮಕ್ಕಳ ತಂದೆ ಜೆಫರ್ಸನ್ನನೇ ಎಂಬುದನ್ನು ಇಂದು ಬಹುಪಾಲು ಇತಿಹಾಸಕಾರರು ಒಪ್ಪುತ್ತಾರೆ. ಆ ಮಕ್ಕಳ ಮುತ್ತಜ್ಜ ಮುತ್ತಜ್ಜಿಯರ ತಲೆಮಾರಿನ ಎಂಟು ಜನರಲ್ಲಿ ಏಳು ಜನ ಬಿಳಿಯರು. ಆದರೂ ತಾಯಿ ಗುಲಾಮಳಾದ್ದರಿಂದ ಮಕ್ಕಳೂ ಗುಲಾಮರಾಗಿಯೇ ಹುಟ್ಟಿದರು. 1826ರಲ್ಲಿ ಜೆಫರ್ಸನ್ ತೀರಿಕೊಂಡಾಗ ಅವನ ಉಯಿಲಿನಂತೆ ಮ್ಯಾಡಿಸನ್, ಎಸ್ಟನ್ ಎಂಬಿಬ್ಬರಿಗೆ ಬಿಡುಗಡೆಯಾಯಿತು. 1830ರ ಗಣತಿಯಲ್ಲಿ ತಾಯಿ ಮಕ್ಕಳೆಲ್ಲ ಬಿಳಿಯರು. ಮೂರೇ ವರ್ಷಗಳ ಮೇಲೆ, ವಿಶೇಷ ಗಣತಿಯೊಂದರಲ್ಲಿ, ಸ್ಯಾಲಿ ಮುಲಾಟೊ. ತಮ್ಮ ಎಸ್ಟನ್ 1852ರ ಸುಮಾರಿಗೆ ವಿಸ್ಕಾನ್ಸಿನ್‌ಗೆ ಹೋಗಿ, ಜೆಫರ್ಸನ್ ಎಂಬ ಹೆಸರು ಧರಿಸಿ, ಬಿಳಿಯನಾಗಿ ಬಾಳಿದ. ಅವನ ಮಗ ಅಂತರ್ಯುದ್ಧದಲ್ಲಿ ಬಿಳಿಯರ ಪಡೆಯೊಂದರ ಕರ್ನಲ್ ಆದ. ಓಹಿಯೊದಲ್ಲಿ ನೆಲೆಸಿದ ಅಣ್ಣ ಮ್ಯಾಡಿಸನ್ 1870ರ ಗಣತಿಯಲ್ಲಿ ಮುಲಾಟೊ. ಗಣತಿದಾರ ಅವನ ಹೆಸರಿನ ಬಳಿ, ಈತ ಥಾಮಸ್ ಜೆಫರ್ಸನ್ನನ ಮಗನೆಂದು ಟಿಪ್ಪಣಿಯನ್ನೂ ಬರೆದ. ಎಸ್ಟನ್ನನ ಸಂತತಿಯವರಾದರೋ ಕಾಲಾಂತರದಲ್ಲಿ ತಾವು ಜೆಫರ್ಸನ್ನನ ಚಿಕ್ಕಪ್ಪನ ಕಡೆಯವರೆಂದು ಮಕ್ಕಳಿಗೆ ಹೇಳಿಕೊಟ್ಟರು. ಬಣ್ಣವನ್ನು ಮರೆಸಬೇಕಾದರೆ ಅಜ್ಜಿಯನ್ನೇ ಮರೆಸಬೇಕಾಗಿತ್ತು. 1998ರ ಡಿ.ಎನ್.ಎ. ಪರೀಕ್ಷೆ ಎಸ್ಟನ್ನನ ವಂಶವನ್ನು ಜೆಫರ್ಸನ್ ಮನೆತನದ ಗಂಡು ಸಂತತಿಗೆ ಮತ್ತೆ ಜೋಡಿಸಿತು.

ಇದನ್ನೆಲ್ಲ ನೆನೆದು, ಆ ಅಂಕಣವನ್ನು ಖಾಲಿ ಬಿಡೆಂದು ಬರೆಯಲು ನಾನು ಕಾಗದ ತೆಗೆದೆ; ಆದರೆ ಮನಸ್ಸು ಒಪ್ಪಲಿಲ್ಲ. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರುಂಟು. ಅದರ ಕೆಳಗೆ ಗುಲಾಮರ ವಯಸ್ಸು, ಲಿಂಗ, ಬಣ್ಣಗಳುಂಟು. ಹೆಸರು ಮಾತ್ರ ಸಾಮಾನ್ಯವಾಗಿ ಇಲ್ಲ. ಬಿಡುಗಡೆ ಹೊಂದಿದವರೆಲ್ಲರಿಗೂ ಗಣತಿಯಲ್ಲಿ ಹೆಸರು ಬಂದದ್ದು 1870ರಲ್ಲಿ. ಅಲ್ಲಿಂದ ಹಿಂದಕ್ಕೆ ಹುಡುಕುತ್ತ ಹೋಗುವ ಮೊಮ್ಮಕ್ಕಳಿಗೆ ಆ ಅವಮಾನದ ಪದವೇ ಕೈಗೆ ಸಿಗುವ ಎಳೆ. ಅದನ್ನು ನಾವು ನಾಚಿಕೆಯಿಂದ ಅಳಿಸಿದರೆ, ಹೆಸರಿಲ್ಲದವರು ಇನ್ನೊಮ್ಮೆ ಇಲ್ಲವಾಗುತ್ತಾರೆ.

ಆದ್ದರಿಂದ, ಯಾವ ವರ್ಷ, ಯಾವ ದಾಖಲೆಯಲ್ಲಿ, ಯಾವ ಪದವಿದೆಯೋ ಅದನ್ನು ಹಾಗೆಯೇ ಉದ್ಧರಣ ಚಿಹ್ನೆಯೊಳಗೆ ಬರೆ, ನಿನ್ನ ತೀರ್ಪನ್ನು ಸೇರಿಸಬೇಡ ಎಂದು ಬರೆದೆ. ಉತ್ತರ ಬಂದಿದೆ. ಎರಡು ಗಣತಿಗಳ ಎರಡು ಪದಗಳನ್ನೂ ಬರೆದುಕೊಂಡಿದ್ದಾಳೆ. ಮುತ್ತಜ್ಜ ತನ್ನನ್ನು ತಾನು ಏನೆಂದು ಕರೆದುಕೊಳ್ಳುತ್ತಿದ್ದನೆಂದು ಕೇಳಲು, ಗಂಡನ ಮನೆಯಲ್ಲಿ ತೊಂಬತ್ತು ದಾಟಿದ ಹಿರಿಯಜ್ಜಿಯೊಬ್ಬರ ಬಳಿಗೆ ಮುಂದಿನ ತಿಂಗಳು ಹೊರಟಿದ್ದಾಳಂತೆ.