ಪಾದದ ಗಾಯದಲ್ಲಿ ತುಂಡಾದ ಭಾಗದ ಮರುಜೋಡಣೆ: ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಅಪಘಾತದಲ್ಲಿ ಪೂರ್ಣವಾಗಿ ಅಥವಾ ಬಹುಮಟ್ಟಿಗೆ ಬೇರ್ಪಟ್ಟ ಕಾಲ್ಬೆರಳು, ಹಿಮ್ಮಡಿ ಅಥವಾ ಪಾದದ ಭಾಗದ ರಕ್ತನಾಳಗಳನ್ನು ಸೂಕ್ಷ್ಮದರ್ಶಕದ ನೆರವಿನಿಂದ ಹೊಲಿದು, ಅದರಲ್ಲಿ ಮತ್ತೆ ರಕ್ತ ಸಂಚಾರ ಉಂಟುಮಾಡುವ ಶಸ್ತ್ರಚಿಕಿತ್ಸೆಯನ್ನು ಮರುಜೋಡಣೆ ಎನ್ನಲಾಗುತ್ತದೆ. ಕೇವಲ ಚರ್ಮವನ್ನು ಹೊಲಿದ ಮಾತ್ರಕ್ಕೆ ತುಂಡಾದ ಭಾಗ ಬದುಕುವುದಿಲ್ಲ. ರಕ್ತವನ್ನು ಒಳತರುವ ಅಪಧಮನಿ ಮತ್ತು ಹೊರಗೊಯ್ಯುವ ಅಭಿಧಮನಿ ಎರಡೂ ಕೂಡಬೇಕು.

ಈ ವಿದ್ಯೆ ಹಳೆಯದಲ್ಲ. 1962ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಡಾ. ರೊನಾಲ್ಡ್ ಮಾಲ್ಟ್ ಮತ್ತು ಸಂಗಡಿಗರು 12 ವರ್ಷದ ಬಾಲಕನ ತುಂಡಾದ ತೋಳನ್ನು, 1963ರಲ್ಲಿ ಚೀನಾದ ಶಾಂಘೈನಲ್ಲಿ ಡಾ. ಚೆನ್ ಜೊಂಗ್‌ವೇ ಕಾರ್ಮಿಕನೊಬ್ಬನ ಕೈಯನ್ನು ಮರಳಿ ಜೋಡಿಸಿದರು. 1965ರಲ್ಲಿ ಜಪಾನಿನ ಕೊಮಾತ್ಸು ಮತ್ತು ತಮಾಯ್ ಎಂಬ ವೈದ್ಯರು ಸೂಕ್ಷ್ಮದರ್ಶಕದಡಿ ಹೆಬ್ಬೆರಳನ್ನು ಜೋಡಿಸಿದ ಬಳಿಕ ಸಣ್ಣ ಭಾಗಗಳ ಮರುಜೋಡಣೆ ಸಾಧ್ಯವೆಂಬುದು ಸ್ಥಿರಪಟ್ಟಿತು.

ಗಾಯಗಳ ಸ್ವರೂಪ

ಅಡಿಕೆ ಮತ್ತು ತೆಂಗಿನ ತೋಟಗಳು, ಭತ್ತದ ಗದ್ದೆಗಳು, ಕೆಂಪುಕಲ್ಲಿನ ಕೋರೆಗಳು ಹಾಗೂ ಮರದ ಮಿಲ್ಲುಗಳಿರುವ ಈ ಭಾಗದಲ್ಲಿ ಪಾದಕ್ಕೆ ಅಪಾಯ ತರುವ ಸಾಧನಗಳು ದಿನನಿತ್ಯದವೇ ಆಗಿವೆ: ಕಳೆ ಕೊಚ್ಚುವ ಯಂತ್ರ, ಪವರ್ ಟಿಲ್ಲರ್, ಕಲ್ಲು ಕೊಯ್ಯುವ ಯಂತ್ರ, ಕೊಡಲಿ, ಕತ್ತಿ. ಮಳೆಗಾಲದಲ್ಲಿ ಹವಾಯಿ ಚಪ್ಪಲಿ ಧರಿಸಿ ಜಾರುವ ನೆಲದ ಮೇಲೆ ಕಳೆ ಕೊಚ್ಚುವ ಯಂತ್ರ ನಡೆಸುವ ಪದ್ಧತಿ ಅಪಾಯಕಾರಿ. ದಪ್ಪ ಗಮ್‌ಬೂಟಿನ ಬೆಲೆ ಒಂದು ದಿನದ ಕೂಲಿಗಿಂತ ಹೆಚ್ಚೇನೂ ಆಗುವುದಿಲ್ಲ.

ಮಕ್ಕಳಲ್ಲಿ ಬೇರೊಂದು ಬಗೆಯ ಗಾಯವನ್ನು ಕಾಣಬಹುದು. ದ್ವಿಚಕ್ರ ವಾಹನದ ಹಿಂದೆ ಕುಳಿತ ಮಗುವಿನ ಕಾಲು ಚಕ್ರದ ಕಡ್ಡಿಗಳ ನಡುವೆ ಸಿಲುಕಿದಾಗ ಹಿಮ್ಮಡಿಯ ಚರ್ಮ ಹಾಗೂ ಅದರ ಕೆಳಗಿನ ಮೆತ್ತೆ ಒಟ್ಟಾಗಿ ಕಿತ್ತುಬರುತ್ತವೆ. ಹಿಮ್ಮಡಿಯ ಮೆತ್ತೆ ಸಾಮಾನ್ಯ ಕೊಬ್ಬಲ್ಲ. ನಾರಿನ ಸಣ್ಣ ಸಣ್ಣ ಕೋಣೆಗಳಲ್ಲಿ ಅಡಕವಾಗಿರುವ ಈ ಕೊಬ್ಬು ದೇಹದ ಭಾರವನ್ನು ಹೊರಲೆಂದೇ ರೂಪುಗೊಂಡಿದೆ. ದೇಹದ ಬೇರಾವ ಭಾಗದಿಂದ ತಂದು ಹಾಕಿದ ಚರ್ಮವೂ ಇದಕ್ಕೆ ಸರಿಸಮವಾಗುವುದಿಲ್ಲ. ಆದ್ದರಿಂದ ಹಿಮ್ಮಡಿಯ ಕಿತ್ತುಬಂದ ಚರ್ಮವನ್ನು ಯಾವ ಕಾರಣಕ್ಕೂ ಕತ್ತರಿಸಿ ಎಸೆಯಬಾರದು. ಎಳೆಯಷ್ಟೇ ಅಂಟಿಕೊಂಡಿದ್ದರೂ ಅದನ್ನು ಸ್ವಸ್ಥಾನದಲ್ಲಿ ಇರಿಸಿ, ಶುದ್ಧ ಬಟ್ಟೆ ಸುತ್ತಿ, ಕಾಲನ್ನು ಅಲುಗಾಡದಂತೆ ಎತ್ತರಿಸಿ ಕರೆದೊಯ್ಯತಕ್ಕದ್ದು.

ಸಮಯದ ಲೆಕ್ಕ

ರಕ್ತವಿಲ್ಲದೆ ಸ್ನಾಯು ಬೇಗನೆ ಸಾಯುತ್ತದೆ. ಸ್ನಾಯು ಇರುವ ಪಾದದ ಭಾಗವನ್ನು ತಂಪಾಗಿ ಇರಿಸದಿದ್ದಲ್ಲಿ ಸುಮಾರು 6 ಗಂಟೆ, ಸರಿಯಾಗಿ ತಂಪಾಗಿಟ್ಟಲ್ಲಿ ಸುಮಾರು 12 ಗಂಟೆಯೊಳಗೆ ರಕ್ತ ಸಂಚಾರ ಮರಳಬೇಕಾಗುತ್ತದೆ. ಸ್ನಾಯುವಿಲ್ಲದ ಬೆರಳಿಗೆ ಈ ಅವಧಿ ಸುಮಾರು ಎರಡರಷ್ಟು.

ಈ ಲೆಕ್ಕ ಆಸ್ಪತ್ರೆ ತಲುಪಿದಾಗಿನಿಂದಲ್ಲ, ಗಾಯವಾದ ಕ್ಷಣದಿಂದ ಆರಂಭವಾಗುತ್ತದೆ. ಮಂಗಳೂರಿಗೆ ಬಂಟ್ವಾಳದಿಂದ ಸುಮಾರು 25, ಮೂಡುಬಿದಿರೆಯಿಂದ ಸುಮಾರು 35, ಬೆಳ್ತಂಗಡಿಯಿಂದ ಸುಮಾರು 60 ಕಿ.ಮೀ. ದೂರವಿದೆ. ಘಟ್ಟದ ತಪ್ಪಲಿನ ಗ್ರಾಮಗಳಲ್ಲಿ ತೋಟದಿಂದ ಡಾಂಬರು ರಸ್ತೆಗೆ ಬರುವುದಕ್ಕೇ ಒಂದು ಗಂಟೆ ಹಿಡಿಯಬಹುದು. ಆಸ್ಪತ್ರೆ ಸೇರಿದ ನಂತರವೂ ಕ್ಷ-ಕಿರಣ, ರಕ್ತ ಪರೀಕ್ಷೆ, ಅರಿವಳಿಕೆಯ ಸಿದ್ಧತೆ ಇತ್ಯಾದಿಗಳಿಗೆ ಸಮಯ ಬೇಕು. ಹೀಗೆ ಕೂಡಿಸುತ್ತಾ ಹೋದರೆ 6 ಗಂಟೆಗಳಲ್ಲಿ ಉಳಿಯುವುದು ಅತ್ಯಲ್ಪ. ಆದುದರಿಂದ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವ ಬದಲು, ತಾಲ್ಲೂಕು ಆಸ್ಪತ್ರೆ ಅಥವಾ ಸಮುದಾಯ ಆರೋಗ್ಯ ಕೇಂದ್ರದಲ್ಲಿ ರಕ್ತಸ್ರಾವ ತಡೆದು, ಧನುರ್ವಾಯು ಚುಚ್ಚುಮದ್ದು ಪಡೆದು, ಸೂಕ್ಷ್ಮ ಶಸ್ತ್ರಚಿಕಿತ್ಸೆ ನಡೆಸುವ ಪ್ಲಾಸ್ಟಿಕ್ ಸರ್ಜನರು ಆ ಹೊತ್ತಿಗೆ ಎಲ್ಲಿ ಲಭ್ಯರಿದ್ದಾರೆ ಎಂಬುದನ್ನು ಅಲ್ಲಿನ ವೈದ್ಯರಿಂದಲೇ ದೂರವಾಣಿಯಲ್ಲಿ ವಿಚಾರಿಸಿ ಹೊರಡುವುದು ಸೂಕ್ತ. ವಾಹನಕ್ಕಾಗಿ 2008ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಆರಂಭವಾದ ಆರೋಗ್ಯ ಕವಚ 108 ಸೇವೆಗೆ ಕರೆ ಮಾಡಬಹುದಾಗಿದೆ.

ತುಂಡಾದ ಭಾಗವನ್ನು ಕಾಪಾಡುವ ವಿಧಾನ

ಮೊದಲು ಗಾಯಾಳು, ನಂತರ ತುಂಡು. ರಕ್ತ ಸುರಿಯುವ ಜಾಗವನ್ನು ಶುದ್ಧ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿಯಬೇಕು. ಒತ್ತಿದರೂ ನಿಲ್ಲದೆ ಪ್ರಾಣಕ್ಕೆ ಅಪಾಯವೆನಿಸಿದಾಗ ಮಾತ್ರ ಗಾಯದ ಮೇಲ್ಭಾಗದಲ್ಲಿ ಅಗಲವಾದ ಪಟ್ಟಿಯಿಂದ ಬಿಗಿದು, ಬಿಗಿದ ಸಮಯವನ್ನು ಬರೆದಿಡಬೇಕು.

ಬೇರ್ಪಟ್ಟ ಭಾಗದ ಮಣ್ಣನ್ನು ಶುದ್ಧ ನೀರಿನಿಂದ ಮೆಲ್ಲನೆ ತೊಳೆದು, ಉಜ್ಜದೆ, ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಬೇಕು. ಅದನ್ನು ನೀರು ಸೇರದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಮತ್ತು ನೀರು ಬೆರೆಸಿದ ಪಾತ್ರೆಯಲ್ಲಿ ಇರಿಸಬೇಕು. ಮೀನು ಮಾರುವ ಅಂಗಡಿ ಅಥವಾ ತಂಪು ಪಾನೀಯದ ಅಂಗಡಿಯಲ್ಲಿ ಮಂಜುಗಡ್ಡೆ ದೊರೆಯುತ್ತದೆ. ಆದರೆ ತುಂಡು ಮಂಜುಗಡ್ಡೆಗೆ ನೇರವಾಗಿ ತಾಗಬಾರದು. ತಾಗಿ ಹೆಪ್ಪುಗಟ್ಟಿದ ಭಾಗವನ್ನು ಜೋಡಿಸಲು ಬರುವುದಿಲ್ಲ. ಕಾಫಿ ಪುಡಿ, ಅರಿಶಿನ, ಸುಣ್ಣ, ಕಮ್ಯುನಿಸ್ಟ್ ಗಿಡದ ರಸ ಮುಂತಾದವನ್ನು ಗಾಯಕ್ಕಾಗಲಿ ತುಂಡಿಗಾಗಲಿ ಹಚ್ಚಕೂಡದು. ಅರಿವಳಿಕೆ ನೀಡಬೇಕಾಗುವುದರಿಂದ ಗಾಯಾಳುವಿಗೆ ಚಹಾ, ಸೋಡಾ, ಆಹಾರ ಯಾವುದನ್ನೂ ಕೊಡಬಾರದು.

ಶಸ್ತ್ರಚಿಕಿತ್ಸೆ ಮತ್ತು ನಂತರ

ಸತ್ತ ಅಂಗಾಂಶವನ್ನು ತೆಗೆದ ಬಳಿಕ ಮೂಳೆಯನ್ನು ತಂತಿಗಳಿಂದ ಭದ್ರಪಡಿಸಿ, ಸ್ನಾಯುರಜ್ಜು, ರಕ್ತನಾಳ ಹಾಗೂ ನರಗಳನ್ನು ಜೋಡಿಸಲಾಗುತ್ತದೆ. ಇದಕ್ಕೆ ಬಳಸುವ ನೈಲಾನ್ ದಾರ ತಲೆಗೂದಲಿಗಿಂತ ತೆಳು. ಹಲವು ಗಂಟೆಗಳ ಕೆಲಸವಿದು. ಮುಂದಿನ ಕೆಲವು ದಿನ ಜೋಡಿಸಿದ ಭಾಗದ ಬಣ್ಣ ಮತ್ತು ಬಿಸಿಯನ್ನು ಗಂಟೆ ಗಂಟೆಗೂ ಪರೀಕ್ಷಿಸಲಾಗುತ್ತದೆ. ಬಿಳಿಚಿಕೊಂಡರೆ ರಕ್ತ ಬರುತ್ತಿಲ್ಲವೆಂದೂ, ನೀಲಿಯಾದರೆ ಹೊರಹೋಗುತ್ತಿಲ್ಲವೆಂದೂ ಅರ್ಥ. ಎರಡನೆಯ ಸಂದರ್ಭದಲ್ಲಿ ಕೆಲವೆಡೆ ಜಿಗಣೆಗಳನ್ನು ಬಳಸುವುದುಂಟು. ಇವು ಚಿಕಿತ್ಸೆಗೆಂದೇ ಸಾಕಿದವು, ಚಾರ್ಮಾಡಿ ಕಾಡಿನ ಇಂಬಳಗಳಲ್ಲ. ಬೀಡಿ, ಸಿಗರೇಟಿನ ನಿಕೋಟಿನ್ ರಕ್ತನಾಳವನ್ನು ಕುಗ್ಗಿಸುವುದರಿಂದ ಗಾಯಾಳುವಷ್ಟೇ ಅಲ್ಲ, ಜೊತೆಗಿರುವವರೂ ಸೇದಬಾರದು.

ಹೊಲಿದ ನರ ದಿನಕ್ಕೆ ಸುಮಾರು 1 ಮಿ.ಮೀ. ಮಾತ್ರ ಬೆಳೆಯುತ್ತದೆ. ಸ್ಪರ್ಶ ಮರಳುವವರೆಗೆ ಅಂಗಾಲಿಗೆ ಕಲ್ಲು ಚುಚ್ಚಿದರೂ ತಿಳಿಯದ ಕಾರಣ ಬರಿಗಾಲಿನಲ್ಲಿ ನಡೆಯದೆ ಪ್ರತಿ ಸಂಜೆ ಪಾದವನ್ನು ಪರೀಕ್ಷಿಸಿಕೊಳ್ಳಬೇಕು.

ಎಲ್ಲ ಗಾಯಗಳಿಗೂ ಮರುಜೋಡಣೆ ಹೊಂದುವುದಿಲ್ಲ. ಹರಿತವಾದ ಅಂಚಿನಿಂದ ತುಂಡಾದುದು ಜೋಡಣೆಗೆ ಅನುಕೂಲ. ಟಿಲ್ಲರ್ ಅಥವಾ ಲಾರಿಯ ಚಕ್ರದಡಿ ಜಜ್ಜಿಹೋದುದು ಕಷ್ಟಸಾಧ್ಯ. ವಯಸ್ಕರಲ್ಲಿ ಒಂದು ಕಿರುಬೆರಳಿಗಾಗಿ ಇಷ್ಟು ದೀರ್ಘ ಚಿಕಿತ್ಸೆಯನ್ನು ವೈದ್ಯರು ಸಾಮಾನ್ಯವಾಗಿ ಸಲಹೆ ಮಾಡುವುದಿಲ್ಲ. ಹೆಬ್ಬೆರಳು, ಹಿಮ್ಮಡಿ ಮತ್ತು ಮಕ್ಕಳ ಪಾದದ ವಿಷಯ ಬೇರೆ. ಸ್ಪರ್ಶವಿಲ್ಲದೆ ಹುಣ್ಣಾಗುತ್ತಲೇ ಇರುವ ಪಾದಕ್ಕಿಂತ ಒಳ್ಳೆಯ ಕೃತಕ ಕಾಲು ಮೇಲೆಂದು ವೈದ್ಯರು ತಿಳಿಸಿದಲ್ಲಿ ಅದನ್ನು ನಿರ್ಲಕ್ಷ್ಯವೆಂದು ಭಾವಿಸಬಾರದು. ತೀರ್ಮಾನ ತಜ್ಞರದ್ದು, ತುಂಡು ಎಷ್ಟೇ ಕೆಟ್ಟಂತೆ ಕಂಡರೂ ಅದನ್ನು ತರುವುದು ಮನೆಯವರ ಕೆಲಸ.

ಕಾನೂನು ಮತ್ತು ವೆಚ್ಚ

ಪೊಲೀಸ್ ದೂರು ದಾಖಲಾಗಿಲ್ಲವೆಂಬ ಕಾರಣಕ್ಕೆ ತುರ್ತು ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲೇ ಸ್ಪಷ್ಟಪಡಿಸಿದೆ. ಗಾಯಾಳುಗಳನ್ನು ಕರೆತರುವ ದಾರಿಹೋಕರಿಗೆ 2016ರ ರಾಜ್ಯ ಅಧಿನಿಯಮದ ರಕ್ಷಣೆಯಿದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ತುರ್ತು ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕಡ್ಡಾಯವಲ್ಲ. ಆಯಾ ಶಸ್ತ್ರಚಿಕಿತ್ಸೆ ಯೋಜನೆಯ ವ್ಯಾಪ್ತಿಗೆ ಬರುವುದೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಬಹುದು. ಪಡಿತರ ಚೀಟಿ ಮತ್ತು ಆಧಾರ್ ಚೀಟಿಯನ್ನು ಮನೆಯವರು ಹಿಂದಿನಿಂದ ತರಬಹುದು; ಅವುಗಳನ್ನು ಹುಡುಕುವ ಸಲುವಾಗಿ ಗಾಯಾಳುವಿನ ವಾಹನವನ್ನು ತಡೆದು ನಿಲ್ಲಿಸುವ ಅಗತ್ಯವಿರುವುದಿಲ್ಲ.